ಇಳಿತದ ನಡುವಿನ ಉಬ್ಬು

ಯಲ್ಲೇಶನ ಫೋನ್ ಬಂದಾಗ ಅನುಸೂಯಾ ತನ್ನಪ್ಪನ ಐಸ್ ಫ್ಯಾಕ್ಟರಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದಳು. ಹೊಸಪೇಟೆಯ ಮೇ ತಿಂಗಳು. ಬೆಳಗಿನ ತಿಂಡಿ ಹೊತ್ತಿಗೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟಲು ಶುರುವಾಗಿತ್ತು. ಡ್ಯಾಮಿನ ಮೀನು ಹೇರಿಕೊಂಡ ಗಾಡಿಯೊಂದು ಬಂದು ನಿಂತಿತ್ತು. ಒಳಗೆ ಐಸ್ ಪುಡಿ ಮಾಡುವ ಯಂತ್ರ ಒಂದೇ ಸಮ ಕೂಗುತ್ತಿತ್ತು. ಅವಳು ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದು ಕಿವಿಗೆ ಫೋನ್ ಹಿಡಿದಳು.

“ಮಷಿನ್ ಖಾಲಿ ಐತಿ,” ಅಂದ ಯಲ್ಲೇಶ್, ಹೇಗಿದ್ದೀ ಏನು ಅಂತ ಕೂಡ ಕೇಳದೆ. “ಮುಂದಿನ ವಾರದ ಟೀಮ್‌ನವರು ಬರಂಗಿಲ್ಲಂತ. ನಿನ್ನ ಸ್ಯಾಂಪಲ್ ಇನ್ನೂ ಒಳಗ ಐತಿ, ತಣ್ಣಗ ಕುಂತೈತಿ. ಇನ್ನೊಂದು ಸಲ ಓಡಸಬೇಕಂದ್ರ ಇದ ಟೈಮು.”

“ಓಡಸಪ್ಪಾ ಮತ್ತ! ಕೇಳೋದೇನೈತಿ?”

“ನೀ ಹೇಳಿದ್ರ ನಡ್ಯಂಗಿಲ್ಲ. ಪಂಪಾವತಿ ಮೇಡಂ ಒಂದು ಮೇಲ್ ಹಾಕಬೇಕು, ಇವತ್ತು ಸಂಜಿ ಒಳಗ. ಇಲ್ಲಂದ್ರ ನಾಳೆ ಮುಂಜಾನೆ ಮಷಿನ್ ಬೆಚ್ಚಗ ಮಾಡಿ ಸ್ಯಾಂಪಲ್ ಹೊರಗ ತಗೀತೀನಿ. ಆಮ್ಯಾಲ ನಿನ್ನ ಪಾಳಿ ಬರೋದು ದೀಪಾವಳಿಗೇ.”

ಯಲ್ಲೇಶ್ ಕುರೆಕುಪ್ಪದವನು. ಅವನಪ್ಪ ಸ್ಟೀಲ್ ಪ್ಲಾಂಟಿನಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡಿದವರು. ಮಗ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ, ಜಗತ್ತಿನಲ್ಲೇ ಅತಿ ತಣ್ಣಗಿನ ಜಾಗಗಳನ್ನು ಸೃಷ್ಟಿಸುವ ಯಂತ್ರವೊಂದನ್ನು ನೋಡಿಕೊಳ್ಳುತ್ತಿದ್ದ. ಎಂಎಸ್ಸಿಯಲ್ಲಿ ಅವನೂ ಅನುಸೂಯಾಳೂ ಒಂದೇ ಬೆಂಚು. ಈಗ ಅವಳು ಬಳ್ಳಾರಿಯಲ್ಲಿ ಪಂಪಾವತಿ ಮೇಡಂ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಹರಳುಗಳನ್ನು ಇಲ್ಲಿ ಬೆಳೆಸಿ, ಅಳೆಯಲು ಅಲ್ಲಿಗೆ ಕಳಿಸುವುದು ರೂಢಿ.

ಅವಳ ಹರಳು ನೋಡಲು ಕಲ್ಲುಸಕ್ಕರೆಯ ಚೂರಿನ ಹಾಗಿತ್ತು. ಅದರೊಳಗಿನ ಒಂದೊಂದು ಅಣುವಿನಲ್ಲೂ ಗ್ಯಾಡೊಲಿನಿಯಂ ಎಂಬ ಲೋಹದ ಏಳು ಪರಮಾಣುಗಳಿದ್ದವು. ಆರು ಸುತ್ತ, ಒಂದು ನಡುವೆ; ಪಕ್ಕಪಕ್ಕದ ಮೂರು ಮೂರು ಸೇರಿ ಒಂದೊಂದು ಮುಕ್ಕೋನ. ಪ್ರತಿಯೊಂದೂ ಒಂದು ಪುಟ್ಟ ಅಯಸ್ಕಾಂತ. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಇವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಶಿಸ್ತಾಗಿ ನಿಲ್ಲುತ್ತವೆ. ಆಗ ಹುಟ್ಟುವ ಶಾಖವನ್ನು ಹೊರಗೆ ಕಳಿಸಿ, ಹೊರಗಿನ ಸಂಪರ್ಕವನ್ನು ಪೂರ್ತಿ ಕಡಿದು, ಆಮೇಲೆ ಕ್ಷೇತ್ರವನ್ನು ನಿಧಾನವಾಗಿ ಇಳಿಸಬೇಕು. ಶಿಸ್ತು ಸಡಿಲಿ ಅವು ಮನಬಂದ ಕಡೆ ತಿರುಗತೊಡಗುತ್ತವೆ. ಹಾಗೆ ಚದುರಲು ಬೇಕಾದ ಶಾಖ ಹೊರಗಿನಿಂದ ಸಿಗುವುದಿಲ್ಲವಾದ್ದರಿಂದ ಹರಳಿನ ಒಡಲಿನಿಂದಲೇ ಎಳೆದುಕೊಳ್ಳುತ್ತವೆ. ಹರಳು ತಣ್ಣಗಾಗುತ್ತದೆ. ಎಷ್ಟು ತಣ್ಣಗೆ ಅಂದರೆ, ಇದಕ್ಕಿಂತ ಕೆಳಗೆ ಹೋಗಲಾರದು ಎಂಬ ಕಟ್ಟಕಡೆಯ ಸೊನ್ನೆಗೆ ಒಂದು ಡಿಗ್ರಿಯಷ್ಟೂ ಅಂತರ ಉಳಿಯುವುದಿಲ್ಲ.

ರಜೆಗೆ ಮನೆಗೆ ಬಂದ ದಿನವೇ ಅಪ್ಪ ದುರುಗಣ್ಣ ಇದನ್ನೆಲ್ಲ ಕೇಳಿ ತಿಳಿದುಕೊಂಡಿದ್ದ. ತಣ್ಣಗೆ ಮಾಡುವುದು ಅವನ ಕಸುಬೂ ಹೌದು. ಹಾಗಾಗಿ ಮಗಳ ಕೆಲಸದ ಬಗ್ಗೆ ಅವನಿಗೆ ಒಂಥರಾ ಪಾಲುದಾರನ ಕುತೂಹಲ.

“ಅಲ್ಲಾ, ಅಯಸ್ಕಾಂತ ಅಂದ ಮ್ಯಾಲ ಯಾವುದಾದ್ರೂ ನಡೀತಿತ್ತಲ್ಲ. ಏಳು ಯಾಕ ಬೇಕು? ಅದೂ ಹಿಂಗ ಮುಕ್ಕೋನ ಮುಕ್ಕೋನ ಜೋಡಿಸಿ?”

ಅನುಸೂಯಾ ಅವನನ್ನು ಎಬ್ಬಿಸಿ ಪಡಸಾಲೆಯ ನಡುವೆ ನಿಲ್ಲಿಸಿದಳು. ಅಡುಗೆಮನೆಯಿಂದ ಅವ್ವ ಹೊಳೆಮ್ಮಳನ್ನೂ ಎಳೆದುತಂದಳು. ಮೂವರೂ ಮುಕ್ಕೋನವಾಗಿ ನಿಂತರು.

“ಈಗ ನೋಡ್ರಿ. ನಿಯಮ ಒಂದ. ಪಕ್ಕದಾಗ ಇರೋರು ಯಾವ ಕಡಿ ಮುಖ ಮಾಡ್ಯಾರೋ ಅದಕ್ಕ ಉಲ್ಟಾ ಮುಖ ಮಾಡಬೇಕು. ಅಪ್ಪಾ, ನೀ ಡ್ಯಾಂ ಕಡಿ ತಿರುಗು.”

ದುರುಗಣ್ಣ ಡ್ಯಾಂ ಕಡೆ ತಿರುಗಿದ. ಹೊಳೆಮ್ಮ ಅವನಿಗೆ ಬೆನ್ನು ಹಾಕಿ ಹಂಪಿ ಕಡೆ ತಿರುಗಿದಳು. ಇಬ್ಬರೂ ಅನುಸೂಯಾಳನ್ನು ನೋಡಿದರು.

“ನಾ ಯಾವ ಕಡಿ ತಿರುಗ್ಲಿ? ಡ್ಯಾಂ ಕಡಿ ತಿರುಗಿದ್ರ ಅಪ್ಪಗ ಸಿಟ್ಟು, ಹಂಪಿ ಕಡಿ ತಿರುಗಿದ್ರ ಅವ್ವಗ ಸಿಟ್ಟು.”

“ಈ ಮನ್ಯಾಗ ದಿನಾ ಇದ ಅಲ್ಲೇನು?” ಅಂದಳು ಹೊಳೆಮ್ಮ. “ಇದಕ್ಕ ಪಿಎಚ್‌ಡಿ ಬ್ಯಾರೆ ಕೊಡ್ತಾರಾ?”

ಮೂವರೂ ನಕ್ಕರು. ಆದರೆ ವಿಷಯ ನಿಜವಾಗಿಯೂ ಅಷ್ಟೇ ಆಗಿತ್ತು. ಮುಕ್ಕೋನದಲ್ಲಿ ಸಿಕ್ಕಿಕೊಂಡ ಅಯಸ್ಕಾಂತಗಳಿಗೆ ಎಲ್ಲರಿಗೂ ಒಪ್ಪಿಗೆಯಾಗುವ ಒಂದು ನೆಲೆ ಸಿಗುವುದೇ ಇಲ್ಲ. ಇದು ಬೇಡ, ಅದು ಬೇಡ ಅನ್ನುತ್ತ, ಬೇರೆ ಪದಾರ್ಥಗಳು ಹೆಪ್ಪುಗಟ್ಟಿ ಸುಮ್ಮನಾಗುವಷ್ಟು ಚಳಿಯಲ್ಲೂ ಇವು ತಿರುಗಾಡಿಕೊಂಡೇ ಇರುತ್ತವೆ. ಹಾಗೆ ಸುಮ್ಮನಾಗದೆ ಇರುವ ಗುಣವೇ ಇನ್ನಷ್ಟು ತಣ್ಣಗಾಗಿಸಲು ಬೇಕಾದ ಬಂಡವಾಳ.

ತಕರಾರು ಹುಟ್ಟಿದ್ದು ಕಳೆದ ತಿಂಗಳ ಅಳತೆಯಲ್ಲಿ. ಯಲ್ಲೇಶ್ ಕ್ಷೇತ್ರ ಇಳಿಸುತ್ತ ಹೋದಂತೆ ಹರಳಿನ ತಾಪಮಾನವೂ ಇಳಿಯುತ್ತ ಹೋಯಿತು. ಇಳಿಯಿತು, ಇಳಿಯಿತು, ಆಮೇಲೆ ಮಧ್ಯದಲ್ಲಿ ಒಂದು ಕಡೆ ತುಸು ಏರಿತು. ಮತ್ತೆ ಇಳಿಯಿತು. ಗೆರೆಯ ನಡುವೆ ಒಂದು ಉಬ್ಬು.

ಅನುಸೂಯಾ ಅದನ್ನು ನೋಡಿ ಕುಣಿದಾಡಿದ್ದಳು. ಅವಳ ಲೆಕ್ಕದಲ್ಲಿ ಅಂಥದ್ದೊಂದು ಉಬ್ಬು ಬರಲೇಬೇಕಿತ್ತು. ಏಳು ಅಯಸ್ಕಾಂತಗಳ ಒಂದು ಜೋಡಣೆಯಿಂದ ಇನ್ನೊಂದು ಜೋಡಣೆಗೆ ಹಾರುವುದು ಒಂದು ನಿರ್ದಿಷ್ಟ ಕ್ಷೇತ್ರದಲ್ಲಿ ಬಲು ಸಲೀಸಾಗುತ್ತದೆ. ಅಲ್ಲಿ ಹರಳು ಹೆಚ್ಚು ತಣ್ಣಗಾಗುತ್ತದೆ. ಆ ಜಾಗ ದಾಟಿದ ಮೇಲೆ ಹಾರಾಟ ಮತ್ತೆ ಕಷ್ಟವಾಗಿ ತುಸು ಬಿಸಿಯಾಗುತ್ತದೆ. ಈ ಉಬ್ಬು ಅಣುವಿನ ಮುಕ್ಕೋನಗಳ ರುಜುವಿನಂತೆ ಅವಳಿಗೆ ಕಂಡಿತ್ತು. ಪಂಪಾವತಿ ಮೇಡಂಗೆ ಹಾಗೆ ಕಾಣಲಿಲ್ಲ. ಅವರು ಪೆನ್ಸಿಲಿನಿಂದ ಉಬ್ಬಿನ ಸುತ್ತ ಒಂದು ವೃತ್ತ ಬರೆದು, “ಎಲ್ಲೋ ಶಾಖ ಸೋರಾಕತ್ತೈತಿ,” ಅಂದಿದ್ದರು. ತಾಪಮಾನ ಅಳೆಯಲು ಹರಳಿಗೆ ಅಂಟಿಸಿದ ಸಣ್ಣ ತಂತಿಯ ಮೂಲಕ ಹೊರಗಿನ ಬಿಸಿ ಒಳಗೆ ಬಂದರೂ ಇಂಥದ್ದೇ ಉಬ್ಬು ಬರಬಹುದು. ಅಲ್ಲಿಗೆ ಮಾತು ನಿಂತಿತ್ತು.

ಈಗ ಮೇಡಂ ಫೋನ್ ಸ್ವಿಚಾಫ್. ಸಂಡೂರಿನಲ್ಲಿ ಅಕ್ಕನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ, ಎರಡು ದಿನ ಯಾರೂ ಫೋನ್ ಮಾಡಬೇಡಿ ಅಂತ ಹೇಳಿಯೇ ಹೋಗಿದ್ದರು.

ಅನುಸೂಯಾ ಮಾವಿನಕಾಯಿಯ ಓಟೆ ಎಸೆದು ಕೈ ತೊಳೆದಳು. “ಅಪ್ಪಾ, ಸ್ಕೂಟಿ ಕೀಲಿ ಕೊಡು.”

“ಈ ಬಿಸಲಾಗ ಎಲ್ಲಿಗವ್ವ?”

“ಸಂಡೂರಿಗೆ.”

“ಬಸ್ಸಿಗೆ ಹೋಗು. ತಲಿಗೆ ಏನಾದ್ರೂ ಕಟ್ಟಿಗೋ. ಪೆಟ್ರೋಲ್ ನೋಡ್ಕೋ.” ಹೇಳುತ್ತಲೇ ಕೀಲಿಯನ್ನೂ ಕೊಟ್ಟ. ಅವನು ಹೇಳಿದ ಮೂರರಲ್ಲಿ ಅವಳು ಕೇಳಿಸಿಕೊಂಡದ್ದು ಒಂದೇ. ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಹೊರಟಳು.

ಸಂಡೂರು ತಲುಪುವ ಹೊತ್ತಿಗೆ ಅವಳ ಬಿಳಿ ಕುರ್ತಾ ಅದಿರಿನ ಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ಮೈನ್ಸ್ ಲಾರಿಗಳ ಹಿಂದೆಯೇ ಬಂದಿದ್ದಳು. ಮೇಡಂ ಅಕ್ಕ ಚೆನ್ನಬಸಮ್ಮ ಬಾಗಿಲಲ್ಲಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾರು ಏನು ಕೇಳುವ ಮೊದಲೇ, “ಮುಖ ತೊಳಕೊಂಡು ಊಟಕ್ಕ ಕುಂದ್ರವ್ವ, ಪಂಕ್ತಿ ಶುರುವಾಗೈತಿ,” ಅಂದರು. ಊಟದ ಎಲೆಯ ಮುಂದೆ ಕೂತ ಮೇಲೇ ಮೇಡಂ ಅವಳ ಕಣ್ಣಿಗೆ ಬಿದ್ದದ್ದು. ಹಸಿರು ರೇಷ್ಮೆ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹೋಳಿಗೆ ಬುಟ್ಟಿ ಹಿಡಿದು ಬಡಿಸುತ್ತ ಬರುತ್ತಿದ್ದರು.

“ಅನುಸೂಯಾ!” ಮೇಡಂ ಅಲ್ಲೇ ನಿಂತರು. “ಲ್ಯಾಬಿಗೆ ಬೆಂಕಿ ಬಿತ್ತೇನು?”

“ಇಲ್ರಿ ಮೇಡಂ. ಮಷಿನ್ ಖಾಲಿ ಐತಂತ.”

ಊಟವಾದ ಮೇಲೆ ಹಿತ್ತಲ ಬೇವಿನ ಮರದ ಕೆಳಗೆ ಇಬ್ಬರೂ ಕೂತರು. ಅನುಸೂಯಾ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ಮೇಡಂ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು. ಕಂಪ್ಲಿಯ ಹೆಣ್ಣುಮಗಳು, ಭತ್ತದ ಗದ್ದೆಯ ಬದುವಿನ ಮೇಲೆ ಓದಿ ಪ್ರೊಫೆಸರ್ ಆದವರು. ಮಾತು ಕಡಿಮೆ, ಆಡಿದರೆ ನೇರ.

“ಓಡಿಸಿ ಏನು ಮಾಡ್ತೀ?”

“ಉಬ್ಬು ಮತ್ತ ಬರ್ತೈತೋ ಇಲ್ಲೋ ನೋಡ್ತೀನ್ರಿ.”

“ಬರ್ತೈತಿ. ಅದೇ ತಂತಿ, ಅದೇ ಹರಳು, ಅದೇ ಮಷಿನ್. ನೂರು ಸಲ ಓಡಿಸಿದ್ರೂ ಬರ್ತೈತಿ. ನೀ ಅಣುವಿನ ಗುಣ ಅಂತೀ, ನಾ ಸೋರಿಕೆ ಅಂತೀನಿ. ಹೋದ ತಿಂಗಳು ಎಲ್ಲಿದ್ವೋ ಅಲ್ಲೇ ಇರ್ತೀವಿ.”

“ನಿಧಾನಕ್ಕ ಓಡಿಸಿದ್ರ?”

“ನಿಧಾನಕ್ಕ ಓಡಿಸಿದ್ರ ಸೋರಿಕೆಗೂ ಟೈಮ್ ಜಾಸ್ತಿ ಸಿಗ್ತೈತಿ. ಉಬ್ಬು ಸ್ವಲ್ಪ ದಪ್ಪ ಆಗ್ತೈತಿ. ಅದರಿಂದ ನಿನಗೂ ಲಾಭಿಲ್ಲ, ನನಗೂ ಇಲ್ಲ.” ಮೇಡಂ ದನಿ ಮೆತ್ತಗಾಯಿತು. “ನೋಡವ್ವ, ನೀ ತಪ್ಪು ಅಂತ ನಾ ಅನ್ನಂಗಿಲ್ಲ. ಆದ್ರ ನಮ್ಮಿಬ್ಬರಾಗ ಯಾರು ತಪ್ಪು ಅಂತ ಹೇಳೋವಂಥ ಪ್ರಯೋಗ ತಗೊಂಡು ಬಾ. ಆವಾಗ ಮೇಲ್ ಹಾಕ್ತೀನಿ. ಸುಮ್ಮಸುಮ್ಮನ ಬ್ಯಾಡ.”

ಒಳಗೆ ಮಗು ಅತ್ತಿತು. ಮೇಡಂ ಎದ್ದು ಹೋದರು.

ವಾಪಸ್ ಹೊರಟ ಅನುಸೂಯಾಳಿಗೆ ಸಿಟ್ಟು ಬಂದಿತ್ತು, ಅಳು ಬಂದಿತ್ತು, ಮೇಲಾಗಿ ಹೋಳಿಗೆ ತಿಂದ ಮಂಪರು. ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದದ್ದು, ಮೇಡಂ ಹೇಳಿದ್ದರಲ್ಲಿ ತಪ್ಪು ಹುಡುಕಲಾಗುತ್ತಿಲ್ಲವಲ್ಲ ಎಂಬುದು. ಉಬ್ಬು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ತೋರಿಸುವುದು ಬೇರೆ. ನಾಲ್ಕು ವರ್ಷ ಹರಳು ಬೆಳೆಸಿ, ಒಡೆದು, ಮತ್ತೆ ಬೆಳೆಸಿ ಕಡೆಗೆ ಸಿಕ್ಕ ಒಂದು ಚೂರು ಹೈದರಾಬಾದಿನಲ್ಲಿ ತಣ್ಣಗೆ ಕೂತಿತ್ತು. ನಾಳೆ ಅದನ್ನು ಹೊರಗೆ ತೆಗೆಯುತ್ತಾರೆ.

ಗುಡ್ಡದ ಇಳಿಜಾರು ಶುರುವಾಗುವ ಕಡೆ ಸ್ಕೂಟಿ ಎರಡು ಸಲ ಕೆಮ್ಮಿ ಆಫ್ ಆಯಿತು. ಪೆಟ್ರೋಲ್ ಮುಗಿದಿತ್ತು.

ಅವಳು ನಿಲ್ಲಿಸಲಿಲ್ಲ. ಇಳಿಜಾರಿದೆಯಲ್ಲ, ಹೋದಷ್ಟು ಹೋಗಲಿ ಅಂದುಕೊಂಡಳು. ಎಂಜಿನ್ ಸದ್ದಿಲ್ಲದೆ ಸ್ಕೂಟಿ ಇಳಿಯತೊಡಗಿತು. ಗಾಳಿ ಕಿವಿಗೆ ಬಡಿಯಿತು. ಎರಡೂ ಬದಿ ಕೆಂಪು ಗುಡ್ಡ, ನಡುವೆ ಒಬ್ಬಳೇ. ಸಿಟ್ಟೆಲ್ಲ ಒಂದು ಗಳಿಗೆ ಮರೆತೇಹೋಗಿ ಅವಳು ಸಣ್ಣಗೆ ಕೂಗಿದಳು ಕೂಡ. ಆದರೆ ತಿರುವಿನಾಚೆ ರಸ್ತೆ ಒಂದು ದಿಬ್ಬ ಏರುತ್ತಿತ್ತು. ಸ್ಕೂಟಿ ವೇಗ ಕಳೆದುಕೊಂಡು ದಿಬ್ಬದ ಅರ್ಧಕ್ಕೆ ನಿಂತಿತು. ಇಳಿದು ತಳ್ಳಲು ಶುರು ಮಾಡಿದಳು. ಒಂದು ಲಾರಿ ಹಾರ್ನ್ ಹೊಡೆಯುತ್ತ, ಬಾಯಿ ತುಂಬ ಧೂಳು ಕೊಟ್ಟು ಹೋಯಿತು. ದಿಬ್ಬದ ನೆತ್ತಿ ಮುಟ್ಟುವಷ್ಟರಲ್ಲಿ ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಅಲ್ಲಿಂದ ಮುಂದೆ ಮತ್ತೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಒಂದು ಗೂಡಂಗಡಿ. ಅಂಗಡಿ ಮುಂದೆ ಹಲಗೆಯ ಮೇಲೆ ನೀರಿನ ಬಾಟಲಿಗಳಲ್ಲಿ ತುಂಬಿಟ್ಟ ಪೆಟ್ರೋಲ್ ದೂರಕ್ಕೇ ಕಾಣುತ್ತಿತ್ತು.

ಅಂಗಡಿಯ ಭೀಮಮ್ಮ ಒಂದು ಬಾಟಲಿ ಪೆಟ್ರೋಲ್ ಸುರಿದು, ಕೇಳದೆಯೇ ಒಂದು ನಿಂಬು ಸೋಡಾ ಮಾಡಿ ಕೊಟ್ಟಳು. “ಕುಂದ್ರವ್ವ, ಉಸಿರು ಬಿಡು. ಆ ದಿಬ್ಬ ಎಲ್ಲರನ್ನೂ ಹಿಂಗ ಮಾಡ್ತೈತಿ. ಇಳಿಜಾರಿನ ನಡುವ ಅದ್ಯಾಕ ಐತೋ ಏನೋ.”

ಅನುಸೂಯಾ ಸೋಡಾ ಕುಡಿಯುತ್ತ ಬೆಂಚಿನ ಮೇಲೆ ಕೂತಳು. ಅವಳು ಬಂದ ದಾರಿಯಲ್ಲೇ, ಆದರೆ ಸಂಡೂರಿನ ಕಡೆಗೆ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲಿನವನೊಬ್ಬ ಹೋಗುತ್ತಿದ್ದ. ಎದ್ದು ನಿಂತು ಪೆಡಲು ತುಳಿದು ದಿಬ್ಬದ ನೆತ್ತಿ ಮುಟ್ಟಿದ. ಆಮೇಲೆ ಕಾಲು ಎರಡೂ ಅಗಲಿಸಿ, ಪೆಡಲು ಬಿಟ್ಟು, ಅವಳು ಬೆವರು ಸುರಿಸಿ ತಳ್ಳಿದ ಜಾಗದಲ್ಲೇ ಜರ್‍ರನೆ ಇಳಿದು ಕಣ್ಮರೆಯಾದ. ಇಡೀ ಏರುದಾರಿಯಲ್ಲಿ ಅವನಿಗೆ ಸಿಕ್ಕ ಇಳಿಜಾರು ಅದೊಂದೇ.

ಅನುಸೂಯಾ ಗ್ಲಾಸು ಕೆಳಗಿಟ್ಟಳು.

ಯಾವಾಗಲೂ ಕ್ಷೇತ್ರ ಇಳಿಸುವಾಗ ಮಾತ್ರ ಅಳೆಯುತ್ತಿದ್ದರು. ಏರಿಸುವಾಗ ಹರಳಿನ ಶಾಖ ಹೊರಗೆ ಹೋಗಲೆಂದು ಹೊರಗಿನ ಸಂಪರ್ಕ ಇಟ್ಟೇ ಇರುತ್ತಿದ್ದರು. ಆದ್ದರಿಂದ ಆ ಹೊತ್ತಿನ ತಾಪಮಾನ ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಸಂಪರ್ಕ ಕಡಿದೇ ಕ್ಷೇತ್ರವನ್ನು ವಾಪಸ್ ಏರಿಸಿದರೆ? ಏರಿಸಿದರೆ ಹರಳು ಬಿಸಿಯಾಗಬೇಕು. ಶಾಖ ಸೋರುತ್ತಿದ್ದರೆ ಇನ್ನೂ ಬಿಸಿಯಾಗಬೇಕು. ಸೋರಿಕೆಗೆ ಹೋಗುವ ದಾರಿ ಬರುವ ದಾರಿ ಅಂತಿಲ್ಲ, ಅದು ಯಾವಾಗಲೂ ಬಿಸಿಯನ್ನೇ ತರುತ್ತದೆ. ಆದರೆ ಉಬ್ಬು ಅಣುವಿನದೇ ಆಗಿದ್ದರೆ, ಹೋಗುವಾಗ ಬಿಸಿಯಾದ ಜಾಗದಲ್ಲಿ ಬರುವಾಗ ಹರಳು ತಣ್ಣಗಾಗಲೇಬೇಕು. ಕ್ಷೇತ್ರ ಏರುತ್ತಿರುವಾಗ ತಾಪಮಾನ ಇಳಿಯಬೇಕು. ಸೋರಿಕೆಯಿಂದ ಅದು ಎಂದೂ ಆಗದ ಮಾತು.

ಅವಳು ಎದ್ದು ಸ್ಕೂಟಿ ತಿರುಗಿಸಿದಳು.

“ಹೊಸಪ್ಯಾಟಿ ಈ ಕಡಿ ಐತವ್ವ!” ಭೀಮಮ್ಮ ಕೂಗಿದಳು.

“ನಾ ಸಂಡೂರಿಗೆ ಹೊಂಟೀನಿ!”

“ಅಲ್ಲಿಂದಲೇ ಬಂದ್ಯಲ್ಲ?”

“ಹೌದ್ರೀ!”

ಚೆನ್ನಬಸಮ್ಮ ಅಂಗಳದಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದರು. ಗೇಟಿನಲ್ಲಿ ನಿಂತ ಅದೇ ಕೆಂಪು ಆಕೃತಿಯನ್ನು ಕಂಡು, “ಹೊಟ್ಟಿ ತುಂಬಲಿಲ್ಲೇನವ್ವ?” ಅಂದರು. ಮೇಡಂ ಒಳಗೆ ಚಾಪೆಯ ಮೇಲೆ ಮಗುವಿನ ಪಕ್ಕ ಮಲಗಿದ್ದರು. ಅನುಸೂಯಾ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದಳು.

“ಮೇಡಂ, ವಾಪಸ್ ಏರಿಸೋಣ್ರಿ. ಸಂಪರ್ಕ ಕೊಡದೆ.”

ಮೇಡಂ ಕಣ್ಣು ಬಿಟ್ಟರು. ಚಾವಣಿ ನೋಡಿದರು. ಆಮೇಲೆ ಮಗುವಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಎದ್ದು ಕೂತರು.

“ಇಳಿದ್ರ ನಿಂದು,” ಅಂದರು. “ಇಳೀಲಿಲ್ಲಂದ್ರ?”

“ಸೋರಿಕೆ ಅಂತ ನಾನ ಬರೀತೀನ್ರಿ. ಪ್ರಬಂಧದಾಗ.”

“ಖರೇನಾ?”

“ಖರೇನ್ರಿ.”

“ಅಕ್ಕಾ, ನನ್ನ ಫೋನ್ ಎಲ್ಲಿಟ್ಟೀ?” ಮೇಡಂ ಕೂಗಿದ್ದಕ್ಕೆ ಮಗು ಎದ್ದು ಮನೆಯೆಲ್ಲ ಕೇಳುವಂತೆ ಅತ್ತಿತು. ಆ ಗಲಾಟೆಯಲ್ಲೇ ಮೇಲ್ ಹೋಯಿತು.

ಮರುದಿನ ಮಧ್ಯಾಹ್ನಕ್ಕೆ ಯಲ್ಲೇಶ್ ಎಲ್ಲ ಸಿದ್ಧ ಮಾಡಿಕೊಂಡಿದ್ದ. ಯಂತ್ರದ ಪರದೆ ಅನುಸೂಯಾಳ ಲ್ಯಾಪ್‌ಟಾಪಿನಲ್ಲೂ ಕಾಣುವಂತೆ ಮಾಡಿದ್ದ. ಮನೆಯಲ್ಲಿ ಕರೆಂಟ್ ಹೋಗಿತ್ತು. ಅದಕ್ಕೇ ಅವಳು ಲ್ಯಾಪ್‌ಟಾಪ್ ಹಿಡಿದು ಐಸ್ ಫ್ಯಾಕ್ಟರಿಗೆ ಬಂದಿದ್ದಳು. ಅಲ್ಲಾದರೆ ಜನರೇಟರ್ ಇತ್ತು, ತಂಪೂ ಇತ್ತು. ಗೋಣಿಚೀಲ ಹೊದಿಸಿದ ಐಸಿನ ದೊಡ್ಡ ಗಡ್ಡೆಗಳ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತಳು. ಪಂಪಾವತಿ ಮೇಡಂ ಸಂಡೂರಿನ ಬಸ್ಸಿಳಿದು ಆಟೋದಲ್ಲಿ ನೇರ ಅಲ್ಲಿಗೇ ಬಂದರು. ದುರುಗಣ್ಣ ಗಡಿಬಿಡಿಯಿಂದ ಕುರ್ಚಿ ಒರೆಸಿ ಕೊಟ್ಟ. ಹೊಳೆಮ್ಮ ಮಜ್ಜಿಗೆ ತಂದಳು.

“ನಿಮ್ಮ ಫ್ಯಾಕ್ಟರಿ ಭಾಳ ಛಲೋ ಐತ್ರಿ,” ಅಂದರು ಮೇಡಂ. “ನಮ್ಮ ಡಿಪಾರ್ಟ್‌ಮೆಂಟಿನಾಗ ಇಷ್ಟು ತಂಪಿಲ್ಲ.”

“ನಿಮ್ಮ ಹರಳಿನ ಮುಂದ ಇದು ಬಿಸಿನೀರಂತಲ್ರಿ,” ಅಂದ ದುರುಗಣ್ಣ. ಮಗಳು ಹೇಳಿದ್ದನ್ನು ಅವನು ಮರೆತಿರಲಿಲ್ಲ.

ಮೊದಲು ಇಳಿತ. ಗೆರೆ ಎಡಕ್ಕೆ ಸರಿಯುತ್ತ ಇಳಿಯಿತು, ಉಬ್ಬಿತು, ಮತ್ತೆ ಇಳಿಯಿತು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಯಲ್ಲೇಶ್ ಫೋನಿನಲ್ಲಿ, “ಈಗ ವಾಪಸ್ ಹೊಂಟೀನ್ರಿ ಮೇಡಂ, ಸಂಪರ್ಕ ಕೊಟ್ಟಿಲ್ಲ,” ಅಂದ.

ಕ್ಷೇತ್ರ ಏರತೊಡಗಿತು. ಪರದೆಯ ಮೇಲೆ ಹೊಸ ಗೆರೆ ಕೆಂಪು ಬಣ್ಣದಲ್ಲಿ ಹುಟ್ಟಿ ಬಲಕ್ಕೆ ಹೊರಟಿತು. ತಾಪಮಾನ ಏರಿತು. ಇನ್ನೂ ಏರಿತು. ಅನುಸೂಯಾ ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಕುಡಿಯಲಿಲ್ಲ. ಉಬ್ಬಿನ ಜಾಗ ಹತ್ತಿರವಾಯಿತು. ಗೆರೆ ಏರುತ್ತಲೇ ಇತ್ತು. ಅವಳ ಕಣ್ಣಿಗೆ ಅದು ಉಬ್ಬನ್ನು ದಾಟಿ ಹೋದಂತೆಯೇ ಕಂಡಿತು. ಹೋಯಿತು, ಅಂದುಕೊಂಡಳು. ಸೋರಿಕೆ ಅಂತ ಬರೆಯುವ ವಾಕ್ಯ ಕೂಡ ಮನಸ್ಸಿನಲ್ಲಿ ಮೂಡತೊಡಗಿತ್ತು.

ಗೆರೆ ಮಟ್ಟಸವಾಯಿತು. ಸ್ವಲ್ಪ ದೂರ ಹಾಗೇ ಹೋಯಿತು. ಆಮೇಲೆ ಬಾಗಿತು.

“ಇಳ್ಯಾಕತ್ತೈತಲ್ಲ?” ಅಂದ ದುರುಗಣ್ಣ, ಇಬ್ಬರ ಭುಜದ ಮೇಲಿಂದ ಬಗ್ಗಿ ನೋಡುತ್ತ. “ಇಳಿದ್ರ ಛಲೋನೋ ಕೆಟ್ಟೋ?”

ಗೆರೆ ಸ್ಪಷ್ಟವಾಗಿ, ಯಾರಿಗೂ ಅನುಮಾನ ಬಾರದ ಹಾಗೆ ಒಂದು ತಗ್ಗಿಗೆ ಇಳಿದು, ಆಮೇಲೆ ಎದ್ದು ಹೋಯಿತು. ಫೋನಿನಲ್ಲಿ ಯಲ್ಲೇಶ್ “ಲೇ ಅನುಸೂಯಾ!” ಅಂತ ಕಿರುಚಿದ. ಮೇಡಂ ಇದ್ದಾರೆಂಬುದು ನೆನಪಾಗಿ, “ಅಂದ್ರ, ಇಳೀತ್ರಿ ಮೇಡಂ,” ಅಂದ.

“ನೋಡಿದೆ,” ಅಂದರು ಮೇಡಂ. “ಇನ್ನೊಂದು ಸಲ ಓಡಸು. ಆಮ್ಯಾಲ ನಿಧಾನಕ್ಕ ಒಂದು, ಜಲ್ದಿ ಒಂದು.”

ಅನುಸೂಯಾ ಎದ್ದು ಐಸ್ ಗಡ್ಡೆಗಳ ಹಿಂದೆ ಹೋಗಿ ನಿಂತಳು. ಒಂದು ಗಡ್ಡೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿದಳು. ಹೊಳೆಮ್ಮ ಹಿಂದೆಯೇ ಬಂದು, “ಯಾಕವ್ವ, ಅಳಾಕತ್ತೀಯೇನು?” ಅಂದಳು. “ಇಲ್ಲ, ಸೆಕಿ ಆಗಾಕತ್ತೈತಿ,” ಅಂದಳು ಅನುಸೂಯಾ. ಅವ್ವ ಮತ್ತೇನೂ ಕೇಳದೆ ಸೆರಗಿನಿಂದ ಅವಳ ಮುಖ ಒರೆಸಿದಳು.

ಸಂಜೆಯವರೆಗೆ ಅಳತೆ ನಡೆಯಿತು. ಪ್ರತಿ ಸಲವೂ ತಗ್ಗು ಬಂತು. ಆದರೆ ಮೇಡಂ ಸುಮ್ಮನೆ ಬಿಡುವವರಲ್ಲ. ಹೋಗುವಾಗಿನ ಉಬ್ಬಿಗಿಂತ ಬರುವಾಗಿನ ತಗ್ಗು ಚಿಕ್ಕದಿತ್ತು, ಮತ್ತು ನಿಧಾನವಾಗಿ ಓಡಿಸಿದಷ್ಟೂ ಇನ್ನೂ ಚಿಕ್ಕದಾಗುತ್ತಿತ್ತು. ಅವರು ಕನ್ನಡಕ ಏರಿಸಿಕೊಂಡು ಲೆಕ್ಕ ಹಾಕುತ್ತಲೇ ಇದ್ದರು. ದುರುಗಣ್ಣ ಮೀನಿನ ಗಾಡಿಗಳಿಗೆ ಐಸ್ ತುಂಬಿ ಕಳಿಸಿ ಬಂದಾಗಲೂ ಇನ್ನೂ ಮುಗಿದಿರಲಿಲ್ಲ.

“ಬಾ ಇಲ್ಲಿ,” ಅಂತ ಅನುಸೂಯಾಳನ್ನು ಕರೆದರು. “ಉಬ್ಬಿನಾಗ ಮೂರು ಪಾಲು ಮಾಡಿದ್ರ ಎರಡು ಪಾಲು ಅಣುವಿಂದು. ಒಂದು ಪಾಲು ಸೋರಿಕೆ. ತಂತಿ ಸೋರಾಕತ್ತಿದ್ದು ಖರೇನ.”

“ಹಂಗಾದ್ರ ನಾವು ಮುಟ್ಟಿದ ತಂಪೂ...”

“ನೀ ಲೆಕ್ಕ ಹಾಕಿದಷ್ಟು ಅಲ್ಲ. ಹರಳು ತಂತಿ ಇಲ್ಲದ ಇನ್ನೂ ತಣ್ಣಗ ಹೋಗಬಹುದು. ಆದ್ರ ನಾವು ಅಳತಿ ಮಾಡಿದ್ದನ್ನಷ್ಟ ಬರೀಬೇಕು.”

ಅನುಸೂಯಾ ತಲೆಯಾಡಿಸಿದಳು. ಸೋರಿಕೆ ಇಲ್ಲವೆಂದುಕೊಂಡು ಲೆಕ್ಕ ಹಾಕಿ, ಪ್ರಬಂಧದಲ್ಲಿ ಹೇಳಿಕೊಳ್ಳಬೇಕೆಂದಿದ್ದ ಆ ಚಂದದ ಸಂಖ್ಯೆ ಕೈಬಿಟ್ಟುಹೋಯಿತು. ನಾಲ್ಕು ದಿನದ ಹಿಂದಾಗಿದ್ದರೆ ಜಗಳ ಆಡುತ್ತಿದ್ದಳು. ಈಗ ಅದಕ್ಕಿಂತ ಆ ತಗ್ಗು ಅವಳಿಗೆ ಹೆಚ್ಚು ಅನ್ನಿಸಿತು.

“ಊಟಕ್ಕ ಏಳ್ರಿ, ಮೀನು ಆರಾಕತ್ತೈತಿ,” ಹೊಳೆಮ್ಮ ಮನೆಯಿಂದ ಹೇಳಿಕಳಿಸಿದಳು.

ಪ್ರಬಂಧ ಸುಲಭಕ್ಕೆ ಅಚ್ಚಾಗಲಿಲ್ಲ. ಓದಿ ಅಭಿಪ್ರಾಯ ಕೊಡುವ ಒಬ್ಬ ಪರಿಣತರು ಮೇಡಂ ಕೇಳಿದ್ದನ್ನೇ ಇನ್ನೂ ಉದ್ದವಾಗಿ ಕೇಳಿದರು. ಇನ್ನೊಬ್ಬರು ಮುಕ್ಕೋನವಿಲ್ಲದ ಒಂದು ಅಣುವನ್ನೂ ಅಳೆದು ಪಕ್ಕದಲ್ಲಿಡಿ ಅಂದರು. ದೀಪಾವಳಿಗೆ ಸಿಕ್ಕ ಪಾಳಿಯಲ್ಲಿ ಅದನ್ನೂ ಅಳೆದರು. ಅದರ ಗೆರೆ ಉಬ್ಬಿಲ್ಲದೆ ನುಣ್ಣಗೆ ಇಳಿಯಿತು. ಹಬ್ಬಕ್ಕೆ ಕುರೆಕುಪ್ಪಕ್ಕೆ ಹೋಗಲಾಗದ ಯಲ್ಲೇಶನಿಗೆ ಹೊಳೆಮ್ಮ ಒಂದು ಡಬ್ಬಿ ಕರ್ಜಿಕಾಯಿ ಕಳಿಸಿಕೊಟ್ಟಳು. ಮಾಗಿಯ ಚಳಿಯಲ್ಲಿ ಪ್ರಬಂಧ ಪ್ರಕಟವಾಯಿತು. ದುರುಗಣ್ಣ ಅದರ ಮೊದಲ ಪುಟದಲ್ಲಿ ಮಗಳ ಹೆಸರು ಹುಡುಕಿ, ಫೋನಿನಲ್ಲಿ ಫೋಟೊ ಹಿಡಿದು, ಮೀನು ಗಾಡಿಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಅಂದಿನ ಮೀನಿನ ಧಾರಣೆ ಕೇಳಿದ್ದವರಿಗೆಲ್ಲ ಅದೇ ಹೋಯಿತು.

ಬೇಸಿಗೆ ಶುರುವಾಗುವ ಮುಂಚೆ ಪಂಪಾವತಿ ಮೇಡಂ ಅವಳನ್ನು ಕಂಪ್ಲಿಗೆ ಕರೆದುಕೊಂಡು ಹೋದರು. ಮೇಡಂ ಓದಿದ ಕಾಲೇಜು. ಹುಡುಗಿಯರಿಗೆ ಒಂದು ಗಂಟೆ ಮಾತಾಡಬೇಕು ಅಂದಿದ್ದರು. ಅನುಸೂಯಾ ಎಂಟು ದಿನದಿಂದ ತಯಾರಿ ನಡೆಸಿದ್ದಳು. ಆದರೂ ಶುರುವಿನಲ್ಲಿ ತಡವರಿಸಿದಳು. ಬಳಿಕ ಏಳು ಹುಡುಗಿಯರನ್ನು ಮುಂದೆ ಕರೆದು, ಒಬ್ಬಳನ್ನು ನಡುವೆ, ಆರು ಜನರನ್ನು ಸುತ್ತ ನಿಲ್ಲಿಸಿ, ಪಕ್ಕದವರಿಗೆ ಉಲ್ಟಾ ತಿರುಗಲು ಹೇಳಿದಳು. ಎಂಥ ಗದ್ದಲ! ಎಮ್ಮಿಗನೂರಿನ ಒಬ್ಬಳು ಗಿರಗಿರನೆ ತಿರುಗಿ ತಿರುಗಿ ಕಡೆಗೆ ನೆಲಕ್ಕೇ ಕೂತುಬಿಟ್ಟಳು. ಅಲ್ಲಿಂದ ಮಾತು ತಾನಾಗೇ ಹರಿಯಿತು.

ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. “ಮೇಡಂ, ಆ ಗೆರಿ ವಾಪಸ್ ಬರುವಾಗ ಇಳೀದ ಇದ್ದಿದ್ರ ಏನ್ ಮಾಡ್ತಿದ್ರಿ?”

ಅನುಸೂಯಾ ಪಂಪಾವತಿ ಮೇಡಂ ಕಡೆ ನೋಡಿದಳು. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು.

“ಎರಡು ದಿನ ಅಳ್ತಿದ್ದೆ,” ಅಂದಳು. “ಆಮ್ಯಾಲ ಸೋರಿಕೆ ಅಂತ ಬರೆದು ಕೊಡ್ತಿದ್ದೆ. ಆವಾಗ್ಲೂ ಒಂದು ಗೊತ್ತಾಗ್ತಿತ್ತಲ್ಲ, ಮೊದಲು ಗೊತ್ತಿಲ್ಲದ್ದು.”

“ಅಳು ಬಂದಿದ್ದನ್ನೂ ಬರೀತಿದ್ರಾ?”

ತರಗತಿಯೆಲ್ಲ ನಕ್ಕಿತು. “ಅದಕ್ಕ ಜಾಗ ಕೊಡಂಗಿಲ್ಲ,” ಅಂದಳು ಅನುಸೂಯಾ, ತಾನೂ ನಗುತ್ತ.

ಹೊರಗೆ ಬಂದಾಗ ಕಂಪ್ಲಿಯ ಗದ್ದೆಗಳ ಕಡೆಯಿಂದ ಹೊಳೆಯ ಗಾಳಿ ಬೀಸುತ್ತಿತ್ತು. ಮೇಡಂ ತಮ್ಮ ತವರಿನ ಕಡೆ ನಡೆಯುತ್ತ, ಹೊಸ ಅಣುವೊಂದರ ಬಗ್ಗೆ ಹೇಳಲು ಶುರು ಮಾಡಿದರು. ಅದರಲ್ಲಿ ಮುಕ್ಕೋನಗಳು ಇನ್ನೂ ಹೆಚ್ಚು, ಬೆಳೆಸುವುದು ಇನ್ನೂ ಕಷ್ಟ, ನೀರು ತಾಗಿದರೆ ಕರಗಿಹೋಗುತ್ತದೆ.

“ಮತ್ತ ಯಾಕ್ರಿ ಮೇಡಂ ಅದು?” ಅಂದಳು ಅನುಸೂಯಾ.

“ಬ್ಯಾಡಂದ್ರ ಬಿಡು.”

“ಬ್ಯಾಡ ಅನ್ನಲಿಲ್ರಿ,” ಅಂದು ಅನುಸೂಯಾ ಹೆಜ್ಜೆ ಜೋರು ಮಾಡಿ ಅವರ ಪಕ್ಕಕ್ಕೆ ಬಂದಳು. “ಎಷ್ಟು ಮುಕ್ಕೋನ ಅಂದ್ರಿ?”